ಜೇನುಬಣ್ಣದ ಡಯಲ್

ಮಗು ಅಜ್ಜಿಯ ಕೈಗಡಿಯಾರವನ್ನು ಬಾಯಿಗೆ ಹಾಕಿಕೊಂಡದ್ದನ್ನು ಕಂಡ ದಿನದಿಂದ ಸೊಸೆಯ ತಲೆಗೆ ಒಂದು ಹುಳ ಹೊಕ್ಕಿತ್ತು. ಹಲ್ಲು ಬರುವ ಕಾಲ, ಸಿಕ್ಕಿದ್ದನ್ನೆಲ್ಲ ಕಡಿಯುವ ಮಗು. ಬಾಚಣಿಗೆ ಕಡಿದರೆ, ಬ್ಯಾಗಿನ ಪಟ್ಟಿ ಕಡಿದರೆ ಬಾಯಿ ಒರೆಸಿ ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಆದರೆ ಅತ್ತೆಯ ಗಡಿಯಾರದ ಅಂಕಿಗಳೂ ಮುಳ್ಳುಗಳೂ ಒಂದು ಕಾಲಕ್ಕೆ ಕತ್ತಲಲ್ಲಿ ಮಿಣುಕುತ್ತಿದ್ದವಂತೆ. ಆ ಬಣ್ಣ ಏನಿರಬಹುದು ಎಂದು ಫೋನಿನಲ್ಲಿ ಹುಡುಕಿದ್ದೇ ತಪ್ಪಾಯಿತು. ರೇಡಿಯಂ ಎಂದಿತು ಫೋನು. ಹಿಂದೆ ಅದನ್ನು ಹಚ್ಚುತ್ತಿದ್ದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಲ್ಲೇ ಚೂಪು ಮಾಡಿಕೊಂಡು ಕಾಯಿಲೆ ಬಿದ್ದರು ಎಂದೂ ಹೇಳಿತು.

"ಮೇಲೆ ಗಾಜಿದೆಯಲ್ಲ," ಎಂದ ಗಂಡ.

"ಗಾಜು ಬಿರುಕು ಬಿಟ್ಟಿದ್ರೆ?"

"ಬಿಟ್ಟಿಲ್ವಲ್ಲ."

"ನಿಮಗೇನು, ಹೇಳಿಬಿಡ್ತೀರ," ಎಂದು ಅವಳು ಮಗುವಿನ ವಸಡನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿದಳು. ಮಗುವಿಗೆ ನಗು.

ಅತ್ತೆಗೆ ಹೇಳುವುದು ಹೇಗೆ? ಅವರು ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿ ಸವೆದವರು. ಆ ಕಾಲದಲ್ಲಿ ಹೆಂಗಸರ ಗಡಿಯಾರವೆಂದರೆ ಅಂಗಿಯ ಗುಂಡಿಯಷ್ಟು, ಅದರಲ್ಲಿ ಸೆಕೆಂಡಿನ ಮುಳ್ಳೇ ಇರುತ್ತಿರಲಿಲ್ಲ. ಸೆಕೆಂಡಿನ ಮುಳ್ಳಿಲ್ಲದೆ ನಾಡಿ ಎಣಿಸುವುದು ಹೇಗೆ? ಅತ್ತೆ ನೇರವಾಗಿ ಅಂಗಡಿಗೆ ಹೋಗಿ, "ಗಂಡಸರದ್ದು ತೆಗೀರಿ," ಎಂದಿದ್ದರಂತೆ. ಅಂಗಡಿಯವನು ಯಾರಿಗೆಂದು ಕೇಳಿದ್ದಕ್ಕೆ, "ನನ್ನ ಕೈಯೇನು ಬಾಡಿಗೆಗೆ ತಂದಿದ್ದಾ?" ಎಂದಿದ್ದರಂತೆ. ಅಗಲ ಮುಖ, ಉಬ್ಬು ಗಾಜು, ದಪ್ಪ ಅಂಕಿಗಳು, ಕೆಂಪು ಸೆಕೆಂಡಿನ ಮುಳ್ಳು. ವಾರ್ಡಿನವರೆಲ್ಲ "ಮುಳ್ಳಿನ ಸಿಸ್ಟರ್" ಎಂದು ಕರೆದರು. ಬಿಳಿಯಿದ್ದ ಡಯಲ್ ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗಿತು. ಅತ್ತೆಯ ಕೂದಲು ಬೆಳ್ಳಗಾಯಿತು.

ಹೇಳಲು ಬಾಯಿ ಬಾರದೆ ಸೊಸೆ ಅಡ್ಡದಾರಿ ಹಿಡಿದಳು. "ಅತ್ತೆ, ನಿಮ್ಮ ವಾಚು ಸರ್ವೀಸಿಗೆ ಕೊಟ್ಟು ತರ್ತೀನಿ," ಎಂದಳು. ಅತ್ತೆಯ ಮುಖ ಅರಳಿತು. ತಕ್ಷಣ ಬಿಚ್ಚಿ ಕೊಟ್ಟು, ಪಕ್ಕದ ಮನೆಯವರಿಗೂ ಕೇಳುವಂತೆ, "ನನ್ನ ಮಗನಿಗೆ ಇಷ್ಟು ವರ್ಷ ಹೊಳೀಲಿಲ್ಲ, ಸೊಸೆಗೆ ಹೊಳೀತು ನೋಡಿ," ಎಂದರು. ಸೊಸೆ ನೆಲ ನೋಡುತ್ತ ಚಪ್ಪಲಿ ಮೆಟ್ಟಿದಳು.

ರಿಪೇರಿ ಅಂಗಡಿಯಲ್ಲಿ ಅವಳು ಹೇಳಿದ್ದೇ ಬೇರೆ. "ಆ ಮುಳ್ಳಿನ ಮೇಲಿನ ಬಣ್ಣ ಪೂರ್ತಿ ಕೆರೆದು ತೆಗೀರಿ. ಡಯಲ್ಲೇ ಹೊಸದು ಹಾಕಿಬಿಡಿ. ಹಳೇದು ನನಗೆ ಬೇಡ, ಎಸೀರಿ."

"ಪೂರಾ ಹೊಸದಾಗೋಗುತ್ತಮ್ಮ," ಎಂದ ಅವನು. ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಅದು ಮತ್ತೆ ಏರಿದ್ದು ಶನಿವಾರ ಮಧ್ಯಾಹ್ನ. ಕನ್ನಡಕದಂಗಡಿಯವರು ಆ ದಿನ ಬೇಗ ಬಾಗಿಲು ಹಾಕುತ್ತಾರೆ. ಹಿಂದಿನ ಕೋಣೆಯಲ್ಲಿ ಗಡಿಯಾರದ ಹುಚ್ಚಿರುವ ನಾಲ್ಕು ಜನ ಸೇರುತ್ತಾರೆ, ಅತ್ತೆಯೂ ಒಬ್ಬರು. ಮೊಮ್ಮಗುವನ್ನು ತೋರಿಸಬೇಕೆಂದು ಅತ್ತೆ ಸೊಸೆಯನ್ನೂ ಎಳೆದುಕೊಂಡು ಹೋದರು.

ಕಣ್ಣಿನ ಪರೀಕ್ಷೆಯ ಅಕ್ಷರಗಳ ಹಲಗೆಯ ಕೆಳಗೆ ಮೇಜು. ಮೇಜಿನ ಮೇಲೆ ಕನ್ನಡಕದ ಫ್ರೇಮು ಇಡುವ ಮಖಮಲ್ ಟ್ರೇ. ಬಂದವರು ಮೊದಲು ಕೈಯಲ್ಲಿದ್ದದ್ದನ್ನು ಬಿಚ್ಚಿ ಅದರಲ್ಲಿಡಬೇಕು. ಇನ್ನೊಂದು ಕಟ್ಟಳೆ: ತನ್ನ ಗಡಿಯಾರವನ್ನು ತಾನು ಹೊಗಳುವಂತಿಲ್ಲ, ಬೇರೆಯವರು ಹೊಗಳಬೇಕು. ಹಲ್ಲಿನ ಡಾಕ್ಟರಿಗೆ ಅದು ನುಂಗಲಾರದ ತುತ್ತು. ಅವರು ಹೊಸದಾಗಿ ಕೊಂಡ ಐಷಾರಾಮಿ ಗಡಿಯಾರದಲ್ಲಿ ಚಂದ್ರನಿಗೊಂದು ಕಿಟಕಿ, ವಾರಕ್ಕೊಂದು, ತಿಂಗಳಿಗೊಂದು, ಬೆನ್ನಿಗೆ ಗಾಜು, ಗಾಜಿನೊಳಗೆ ತಿರುಗುವ ಚಕ್ರಗಳು.

"ಯಾರಾದ್ರೂ ಏನಾದ್ರೂ ಹೇಳ್ರಪ್ಪ," ಎಂದು ಅವರು ಚಡಪಡಿಸಿದರು.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಚಂದ್ರ ಸಿಕ್ಕಿದ. ಶನಿವಾರ ಸಿಕ್ತು. ಗಂಟೆ ಎಷ್ಟು ಅಂತ ಎಲ್ಲಿ ಬರೆದಿದೆ ಡಾಕ್ಟ್ರೇ?"

"ನಿಮ್ಮದರಲ್ಲಿ ಗಂಟೆ ಬಿಟ್ರೆ ಇನ್ನೇನಿದೆ ಮೇಷ್ಟ್ರೇ? ಎರಡು ಕಡ್ಡಿ, ಖಾಲಿ ಹಾಳೆ."

"ಆ ಖಾಲಿ ಬಿಡೋದೇ ಕಷ್ಟ. ಹಾಳೆ ತುಂಬೋದು ನನ್ನ ಒಂದನೇ ಕ್ಲಾಸಿನ ಮಕ್ಕಳೂ ಮಾಡ್ತಿದ್ರು."

ಕನ್ನಡಕದವರು ಜಗಳ ಬಿಡಿಸಲು, ಡಾಕ್ಟರ ಗಡಿಯಾರದ ಅಂಚು ಹೇಗೆ ಬೆಲ್ಟಿನೊಳಗೆ ನುಣ್ಣಗೆ ಇಳಿದಿದೆ ನೋಡಿ ಎಂದು ಹೊಗಳಿದರು. ಡಾಕ್ಟರು ಹೊಸ ಮದುಮಗನ ಹಾಗೆ ನಾಚಿದರು. ಆಮೇಲೆ ಎಲ್ಲರ ಕಣ್ಣು ಟ್ರೇಯ ಖಾಲಿ ಮೂಲೆಗೆ ಹೋಯಿತು.

"ಮುಳ್ಳಿನ ಸಿಸ್ಟರ್, ಎಲ್ಲಿ ನಮ್ಮ ಜೇನುತುಪ್ಪ?" ಎಂದರು ಡಾಕ್ಟರು.

"ಸರ್ವೀಸಿಗೆ ಹೋಗಿದೆ. ಸೊಸೆ ಕೊಟ್ಟಿದಾಳೆ," ಎಂದರು ಅತ್ತೆ ಕತ್ತು ನೆಟ್ಟಗೆ ಮಾಡಿ.

"ಬರೀ ಎಣ್ಣೆ ಬಿಡ್ಲಿ, ಸಾಕು," ಎಂದರು ಮೇಷ್ಟ್ರು. "ಡಯಲ್ ಮುಟ್ಟೋಕೆ ಬಿಡ್ಬೇಡಿ. ನನ್ನ ತಮ್ಮ ನಮ್ಮಪ್ಪನ ಗಡಿಯಾರಕ್ಕೆ ಬಣ್ಣ ಹೊಡೆಸಿ ತಂದ. ಅಪ್ಪನ ಫೋಟೋಗೆ ತುಟಿಬಣ್ಣ ಹಚ್ಚಿದ ಹಾಗಿತ್ತು. ಆ ಜೇನುಬಣ್ಣ ಬೇಕು ಅಂದ್ರೆ ಮತ್ತೆ ಅಷ್ಟೇ ವರ್ಷ ಬದುಕ್ಬೇಕು."

ಎಲ್ಲರೂ ನಕ್ಕರು. ಸೊಸೆ ಚೀಲದಲ್ಲಿ ಫೋನಿಗೆ ತಡಕಾಡಿದಳು. ಮನೆಯಲ್ಲಿ ಅದು ಮಾಸಿದ ಡಯಲ್, ಇಲ್ಲಿ ಅದಕ್ಕೇ ಮಣೆ! ಫೋನು ಮಾಡಬೇಕು. ಈಗಲೇ. ಆದರೆ ಕೆರೆಯುವುದನ್ನು ನಿಲ್ಲಿಸಿ ಎಂದರೆ ಆ ಬಣ್ಣ ಮನೆಗೇ ಬರುತ್ತದೆ, ಮಗುವಿನ ಬಾಯಿಗೆ ಬರುತ್ತದೆ. ಉಗುರು ಕಚ್ಚುತ್ತ ಅವಳು ಕೊನೆಗೆ ಕೇಳಿಯೇ ಬಿಟ್ಟಳು: "ಆ ಹೊಳೆಯೋ ಬಣ್ಣ… ಮಕ್ಕಳಿಗೆ ಏನೂ ಆಗಲ್ವಾ?"

ಅತ್ತೆ ತಿರುಗಿ ಅವಳನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಅಯ್ಯೋ ನನ್ನ ತಾಯಿ! ನಿನ್ನ ಗಂಡ ನನ್ನ ಹೊಟ್ಟೇಲಿದ್ದಾಗ ನನಗೂ ಇದೇ ಪೀಕಲಾಟ. ಊಟ ಸೇರ್ತಿರಲಿಲ್ಲ. ಎಕ್ಸ್‌ರೇ ವಿಭಾಗದವರ ಹತ್ರ ಅಳೆಯೋ ಮೀಟರಿತ್ತು. ಪಕ್ಕದಲ್ಲಿ ಇಟ್ಟು ನೋಡಿ ಅಂತ ಗೋಗರೆದೆ. ಬೇರೆ ಯಾರೋ ಮುದುಕಪ್ಪನ ಗಡಿಯಾರಕ್ಕೆ ಗರಗರ ಅಂದ ಮೀಟರು ನನ್ನದಕ್ಕೆ ಕಮಕ್ ಕಿಮಕ್ ಅನ್ನಲಿಲ್ಲ. ಅದು ರೇಡಿಯಂ ಅಲ್ಲವೇ ಅಲ್ಲ ಅಂದ್ರು. ನಂಬದೆ ಇನ್ನೊಂದು ಸಲ ಇಡಿಸಿದೆ."

"ಇನ್ನೊಂದು ಸಲವೂ ಅನ್ನಲಿಲ್ವಾ?" ಎಂದಳು ಸೊಸೆ.

"ಮೂರನೇ ಸಲ ಅವರೇ ಓಡಿಸಿದ್ರು."

ಸೊಸೆಗೆ ನಗುವೂ ಅಳುವೂ ಒಟ್ಟಿಗೇ ಬಂತು. ತನ್ನ ಜಾತಕವೇ ಎದುರಿಗೆ ಬೆಳ್ಳಿಕೂದಲು ಬಿಟ್ಟುಕೊಂಡು ಕೂತ ಹಾಗಿತ್ತು. ಹೊರಗೆ ಮೆಟ್ಟಿಲಿಗೆ ಹೋಗಿ ಗುಟ್ಟಾಗಿ ಫೋನು ಮಾಡಬಹುದಿತ್ತು, ಎದ್ದಳು ಕೂಡ. ಮತ್ತೆ ಕೂತಳು. ಮಗುವನ್ನು ಅತ್ತೆಯ ತೊಡೆಗೆ ದಾಟಿಸಿ ಫೋನು ತೆಗೆದಳು.

"ಅತ್ತೆ, ಸರ್ವೀಸಿಗಲ್ಲ ನಾನು ಕೊಟ್ಟಿದ್ದು. ಬಣ್ಣ ಕೆರೆದು ಹೊಸ ಡಯಲ್ ಹಾಕಿ ಅಂದಿದೀನಿ. ನೀವೂ ಕೇಳಿಸ್ಕೊಳ್ಳಿ." ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಳು. ಮೇಷ್ಟ್ರ ಕೈಯಲ್ಲಿ ಭೂತಗನ್ನಡಿ ಹಾಗೇ ನಿಂತಿತು.

ಫೋನು ಬಹಳ ಹೊತ್ತು ಬಡಿದುಕೊಂಡಿತು.

"ಹೇಳಿಯಮ್ಮ."

"ಆ ಹಳೇ ವಾಚು… ಕೆರೆದ್ರಾ?"

"ಈಗ ತಾನೇ ಕೂತೆ. ದೊಡ್ಡ ಮುಳ್ಳಿಂದು ಆಯ್ತು. ಇನ್ನು ಚಿಕ್ಕದು, ಆಮೇಲೆ ಡಯಲ್ ಬಿಚ್ಬೇಕು."

"ಬಿಚ್ಬೇಡಿ! ಕೈ ತೆಗೀರಿ! ಅದು ಹಾಗೇ ಇರಲಿ, ನಾನು ಈಗಲೇ ಬರ್ತೀನಿ."

ಮೇಷ್ಟ್ರು ಭೂತಗನ್ನಡಿ ಕೆಳಗಿಟ್ಟರು. ಸೊಸೆ ಅತ್ತೆಯತ್ತ ನೋಡಲಾರದೆ ನೋಡಿದಳು. ಅತ್ತೆ ಮಗುವಿನ ಬಾಯಿಂದ ತಮ್ಮ ಸೆರಗು ಬಿಡಿಸುತ್ತಿದ್ದರು.

"ಹೋಗ್ಲಿ ಬಿಡು, ಒಂದು ಮುಳ್ಳು ತಾನೆ. ಯಾರಾದ್ರೂ ಕೇಳಿದ್ರೆ ಇದು ನನ್ನ ಸೊಸೆ ಕೆರೆಸಿದ್ದು ಅಂತೀನಿ."

"ಹಂಗಾದ್ರೆ ಹೊಸ ಡಯಲ್ ತರಿಸಿದೀನಲ್ಲಮ್ಮ, ಅದನ್ನೇನು ಮಾಡ್ಲಿ?" ಎಂದಿತು ಫೋನು.

ಅತ್ತೆ ಅದರತ್ತ ಬಗ್ಗಿದರು. "ಇಟ್ಟಿರಪ್ಪ. ಇಲ್ಲೊಬ್ಬರು ಹಲ್ಲಿನ ಡಾಕ್ಟರಿದಾರೆ. ಹಳೇದರ ಮೇಲೆ ಹೊಸದು ಕೂರಿಸೋದು ಅವರ ಕಸುಬು."