ಬನಿಯನ್ನಿನ ಬಿಳಿ ಗೆರೆ

ಮೂವತ್ತು ವರ್ಷದಿಂದ ನಾನು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯ ಬಾಯಿಗೆ ನಿಂತವನು. ಐದನೇ ಕ್ಲಾಸಿಗೇ ಶಾಲೆ ಬಿಟ್ಟೆ. ಕಾದ ಮರಳಿಗೆ ಅಕ್ಕಿ ಹಾಕಿ, ಅದು ಅರಳಿ ಮೇಲೆ ಬರುವಷ್ಟರಲ್ಲಿ ಜರಡಿಗೆ ಎತ್ತಬೇಕು. ಕಣ್ಣು ಮಿಟುಕಿಸಿದರೆ ಕರಕು. ಈ ಕೆಲಸದಲ್ಲಿ ನನ್ನನ್ನು ಮೀರಿಸಿದವರು ನಮ್ಮ ಓಣಿಯಲ್ಲಿ ಇಲ್ಲ ಅಂತ ನಾನೇ ಹೇಳಿಕೊಳ್ಳುತ್ತೇನೆ. ಬೇರೆಯವರು ಹೇಳಲಿ ಅಂತ ಕಾಯುತ್ತ ಕೂತರೆ ಮರಳು ಆರಿಹೋಗುತ್ತದೆ.

ಹುರಿಯುವ ಮೊದಲು ಅಕ್ಕಿಗೆ ಉಪ್ಪುನೀರು ಬೆರೆಸಬೇಕು. ಉಪ್ಪು ಕಮ್ಮಿಯಾದರೆ ಅಕ್ಕಿ ಸರಿಯಾಗಿ ಅರಳುವುದಿಲ್ಲ, ಹೆಚ್ಚಾದರೆ ಬಾಯಿಗೆ ಇಡಲಾಗುವುದಿಲ್ಲ. ಅದಕ್ಕೆ ಅಳತೆಯ ಪಾತ್ರೆ ಅಂತ ಒಂದಿಲ್ಲ. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಬೇಕು, ನಾಲಿಗೆ ಹೂಂ ಅನ್ನಬೇಕು. ನನ್ನ ನಾಲಿಗೆ ಒಮ್ಮೆಯೂ ತಪ್ಪಿದ್ದಿಲ್ಲ.

ಹೋದ ಬೇಸಿಗೆಯಲ್ಲಿ ಮಗಳಿಗೆ ಎಂಟನೇ ತಿಂಗಳು. ಅವಳನ್ನು ಹರಿಹರದ ಪಕ್ಕದ ಗುತ್ತೂರಿಗೆ ಕೊಟ್ಟಿದ್ದೇವೆ, ಅಳಿಯ ಅಲ್ಲೇ ಫ್ಯಾಕ್ಟರಿಗೆ ಹೋಗುತ್ತಾನೆ. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಮೂರನೆಯದಾದರೂ ಕೈಗೆ ಬರಲಿ ಅಂತ ನಾನು ಮನೆದೇವರ ಮುಂದೆ ನಿಂತು ಹರಕೆ ಹೊತ್ತೆ. ಮಗು ಸುಖವಾಗಿ ಭೂಮಿಗೆ ಬರುವ ತನಕ ನಾಲಿಗೆಗೆ ಉಪ್ಪು ಮುಟ್ಟಿಸುವುದಿಲ್ಲ. ಹೆಂಡತಿ ಬ್ಯಾಡ ಅಂದಳು. ಬೇಕಾದರೆ ಚಪ್ಪಲಿ ಬಿಡ್ರಿ, ಚಹಾ ಬಿಡ್ರಿ, ಭಟ್ಟಿ ಮುಂದೆ ಬೇಯುವವರಿಗೆ ಇದು ಸಲ್ಲದು ಅಂದಳು. ದೇವರಿಗೆ ಕೊಟ್ಟ ಮಾತನ್ನು ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ ಇಳಿಸಲಿಕ್ಕೆ ಆಗುತ್ತದೆಯೇ?

ಸಪ್ಪೆ ರೊಟ್ಟಿ, ಸಪ್ಪೆ ಬೇಳೆ, ಸಪ್ಪೆ ಮಜ್ಜಿಗೆ. ಭಟ್ಟಿಯಲ್ಲಿ ಉಪ್ಪುನೀರನ್ನೂ ನಾಲಿಗೆಗೆ ಮುಟ್ಟಿಸದೆ ಕೈಯಂದಾಜಿನಲ್ಲೇ ಬೆರೆಸುತ್ತಿದ್ದೆ. ನನ್ನ ಜೊತೆ ದುಡಿಯುವ ಹೆಂಡತಿಯ ತಮ್ಮ, ಬೇಕಾದರೆ ನಾನು ರುಚಿ ನೋಡ್ತೀನಿ ಭಾವ ಅಂದ. ನಿನ್ನ ನಾಲಿಗೆ ಎಲೆ-ಅಡಿಕೆ ಹಾಕಿ ಹಾಕಿ ಚರ್ಮ ಆಗೈತೆ, ಸುಮ್ಮನಿರು ಅಂದೆ.

ಬೆವರು ಹರಿದಷ್ಟೂ ನೀರು ಕುಡಿಯುತ್ತಿದ್ದೆ. ಬರೀ ನೀರು, ಕೊಡಗಟ್ಟಲೆ.

ಒಂದು ವಾರ ಕಳೆದಿರಬೇಕು, ಹೆಂಡತಿ ಬಟ್ಟೆ ಒಗೆಯುತ್ತ ನನ್ನ ಬನಿಯನ್ ಎತ್ತಿ ಹಿಡಿದಳು. ಭಟ್ಟಿಯವರ ಬನಿಯನ್ ಅಂದರೆ ಬೆನ್ನ ಮೇಲೆ ಬೆವರು ಒಣಗಿ ಉಪ್ಪಿನ ಬಿಳಿ ಗೆರೆ ಕೂತಿರುತ್ತದೆ, ಕೆರೆ ಬತ್ತಿದ ಮೇಲೆ ದಂಡೆಯಲ್ಲಿ ಉಳಿದ ಗುರುತಿನ ಹಾಗೆ. ಆವತ್ತು ಗೆರೆ ಇರಲಿಲ್ಲ.

"ಏನ್ರಿ, ಭಟ್ಟಿಗೆ ಹೋಗ್ತೀರೋ, ಎಲ್ಲಾದ್ರೂ ಫ್ಯಾನಿನ ಕೆಳಗೆ ಮಲಗಿ ಬರ್ತೀರೋ?" ಅಂದಳು.

ಅವಳು ಚುಚ್ಚಿದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ, ಮೈ ಜುಂ ಅಂತು. ದೇವರು ಹರಕೆ ಒಪ್ಪಿಕೊಂಡ, ನನ್ನ ಬೆವರನ್ನೇ ಸಿಹಿನೀರು ಮಾಡಿದ ಅಂದುಕೊಂಡೆ. ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡೂ ಬಂದೆ.

ಆಮೇಲೆ ತಲೆನೋವು ಶುರುವಾಯಿತು. ಮೀನಖಂಡ ಹಿಡಿದುಕೊಂಡು ರಾತ್ರಿಯೆಲ್ಲ ಕಾಲು ನೀವಿಕೊಳ್ಳಬೇಕು. ಕಾವು ಏರಿದೆ ಅಂತ ಇನ್ನೂ ನೀರು ಕುಡಿದೆ. ಎಷ್ಟು ಕುಡಿದೆನೋ ಅಷ್ಟು ಮಂಕು. ಕೊನೆಗೊಂದು ಬೆಳಿಗ್ಗೆ ಅಕ್ಕಿಗೆ ನೀರು ಬೆರೆಸಿ ಮರಳಿಗೆ ಹಾಕಿದೆ. ಅಕ್ಕಿ ಸರಿಯಾಗಿ ಅರಳಲಿಲ್ಲ, ಗಟ್ಟಿ ಕಾಳಾಗಿ ಮರಳಲ್ಲಿ ಹೊರಳಿತು. ಎರಡನೇ ಸಲವೂ ಹಾಗೇ. ಉಪ್ಪಿನ ಡಬ್ಬಿ ತೆಗೆದೇ ಇರಲಿಲ್ಲ ನಾನು. ಹೆಂಡತಿಯ ತಮ್ಮ ಕೇಳಿದ್ದಕ್ಕೆ ಏನೇನೋ ಹೇಳಿದೆನಂತೆ, ಅವನನ್ನೇ ನನ್ನ ಸತ್ತ ಅಣ್ಣನ ಹೆಸರು ಹಿಡಿದು ಕರೆದೆನಂತೆ. ಅವನು ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದ.

ಎಚ್ಚರ ತಿಳಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಕೈಗೆ ಸೂಜಿ, ತಲೆಯ ಮೇಲೆ ಬಾಟಲಿ, ಹನಿ ಹನಿಯಾಗಿ ಇಳಿಯುತ್ತಿತ್ತು. ಅದರಲ್ಲಿ ಏನೈತೆ ಅಂತ ಕೇಳಿದೆ. ಉಪ್ಪುನೀರು ಅಂದಳು ಹೆಂಡತಿ. ನಾನು ಸೂಜಿಗೇ ಕೈ ಹಾಕಿದೆ. ಅವಳು ಒಂದು ಕಡೆ, ಅವಳ ತಮ್ಮ ಒಂದು ಕಡೆ ಹಿಡಿದುಕೊಂಡರು. ಡಾಕ್ಟರಮ್ಮ ಬಂದರು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ರಕ್ತದಲ್ಲಿ ಉಪ್ಪು ಕೆಳಗೆ ಹೋಗಿದೆ, ಇದನ್ನು ಕಿತ್ತರೆ ಫಿಟ್ಸ್ ಬಂದು ಜೀವಕ್ಕೇ ಕುತ್ತು ಅಂದರು. ಅವಸರಕ್ಕೆ ಒಮ್ಮೆಲೇ ಏರಿಸಿದರೂ ಮಿದುಳಿಗೆ ಏಟು, ಅದಕ್ಕೇ ಇಷ್ಟು ನಿಧಾನ ಅಂದರು.

ದೇವರು ಹರಕೆ ಒಪ್ಪಿದ್ದಾನೆ, ಬೆವರಿನಲ್ಲಿ ಉಪ್ಪೇ ಹೋಗಿತ್ತು ಅಂತ ನಾನು ಬನಿಯನ್ನಿನ ಕಥೆ ಹೇಳಿದೆ. ಅವರು ನಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು.

"ಯಜಮಾನ್ರೇ, ಉಪ್ಪು ಬಿಟ್ಟವರು ನೀವು. ನಿಮ್ಮ ಮೈ ಬಿಡಲಿಲ್ಲ" ಅಂದರು.

ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ರಕ್ತದಲ್ಲಿ ಉಪ್ಪು ಇಷ್ಟೇ ಇರಬೇಕು ಅಂತ ಒಂದು ಹದ ಇದೆಯಂತೆ. ನಾವು ಉಂಡರೂ, ಉಪವಾಸ ಬಿದ್ದರೂ, ಬಿಸಿಲಿಗೆ ನಿಂತರೂ, ನಿದ್ದೆ ಹೋದರೂ ಕಿಡ್ನಿಗಳು ಆ ಹದ ಕಾಯುತ್ತಲೇ ಇರುತ್ತವಂತೆ. ನಾನು ಉಪ್ಪು ನಿಲ್ಲಿಸಿದ್ದು ಗೊತ್ತಾಗುತ್ತಲೇ ಒಳಗೆ ಬಿಗಿ ಮಾಡಿಬಿಟ್ಟವು. ಮೂತ್ರದಲ್ಲಿ ಹೋಗುವ ಉಪ್ಪನ್ನು ತಡೆದು ವಾಪಸ್ಸು ತಂದವು. ಬೆವರಿನ ಉಪ್ಪನ್ನೂ ಚರ್ಮದಾಚೆ ದಾಟುವ ಮೊದಲೇ ಮೈ ಹಿಂದಕ್ಕೆ ಎಳೆದುಕೊಂಡಿತು. ಗೆರೆ ಮಾಯವಾದದ್ದು ಅದಕ್ಕೆ. ಅಷ್ಟು ದಿನ ಅದು ನನ್ನನ್ನು ನಿಲ್ಲಿಸಿಕೊಂಡು ಬಂದಿತ್ತು. ನಾನೋ ಮೇಲೆ ಕೊಡಗಟ್ಟಲೆ ನೀರು ಸುರಿದು, ಅದು ಕಾಯ್ದಿಟ್ಟದ್ದನ್ನೆಲ್ಲ ತೆಳು ಮಾಡಿಬಿಟ್ಟೆ.

ಮೂವತ್ತು ವರ್ಷ ನನ್ನ ನಾಲಿಗೆಯ ಹದ ಅಂತ ಮೀಸೆ ತಿರುವಿದವನು ನಾನು. ನನಗೆ ಎಚ್ಚರಿದ್ದಾಗ, ಅದೂ ಬೆರಳು ಅದ್ದಿದರೆ ಮಾತ್ರ ಆ ನಾಲಿಗೆಗೆ ಹದ ತಿಳಿಯುತ್ತದೆ. ಒಳಗಿನದ್ದು ನಾನು ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದ ಕೆಲಸಕ್ಕೆ ನಿಂತಿದೆ. ಅದಕ್ಕೆ ಪಾಳಿ ಇಲ್ಲ, ರಜೆ ಇಲ್ಲ. ನಾನು ಅದರ ಮೇಲೇ ಹಟ ತೊಟ್ಟರೂ ನನ್ನನ್ನು ಬೈಯದೆ, ಸಿಕ್ಕಿದಷ್ಟರಲ್ಲೇ ತೂಗಿಸಿಕೊಂಡು ಹೋಗಿದೆ. ನನಗಿಂತ ದೊಡ್ಡ ಕೆಲಸಗಾರ ನನ್ನೊಳಗೇ ಇದ್ದ, ನಾನು ಒಂದು ದಿನವೂ ಅವನ ಮುಖ ನೋಡಿರಲಿಲ್ಲ.

ಆದರೂ ಮನಸ್ಸು ಹರಕೆಗೆ ಅಂಟಿಕೊಂಡೇ ಇತ್ತು. ನಾನು ಮಾತು ಮುರಿದು, ಅಲ್ಲಿ ಮಗುವಿಗೆ ಏನಾದರೂ ಆದರೆ? ಬಾಟಲಿಗೆ ಸುಮ್ಮನಾದೆ, ಬಾಯಿಗೆ ಮಾತ್ರ ಬ್ಯಾಡ ಅಂದೆ. ಹೆಂಡತಿ ಉಪ್ಪು ಹಾಕಿ ತಂದ ಗಂಜಿಗೆ ಮುಖ ತಿರುಗಿಸಿದೆ.

ಸಂಜೆಗೆ ಮಗಳೇ ಬಂದಳು. ಆ ಹೊಟ್ಟೆ ಹೊತ್ತುಕೊಂಡು, ಅಳಿಯನ ತೋಳು ಹಿಡಿದು ಮೆಟ್ಟಿಲು ಹತ್ತಿ ಬಂದು ಮಂಚದ ಅಂಚಿಗೆ ಕೂತಳು. ಅಳುತ್ತಾಳೆ ಅಂದುಕೊಂಡಿದ್ದೆ. ಗಂಜಿ ಬಟ್ಟಲು ಕೈಗೆ ತಗೊಂಡಳು.

"ಅಪ್ಪ, ನನ್ನ ಮಗು ಯಾತರಾಗ ಮಲಗೈತೆ ಗೊತ್ತೇನು ನಿನಗೆ?"

ಚಮಚದಲ್ಲಿ ಗಂಜಿ ಕಲಕುತ್ತ ತಾನೇ ಹೇಳಿದಳು.

"ನೀರಾಗ. ಅದು ಉಪ್ಪುನೀರಂತೆ, ತಪಾಸಣೆಗೆ ಹೋದಾಗ ಹೇಳಿದ್ರು. ಯಾವ ಉಪ್ಪಿನಾಗ ಅದು ಬೆಳೀತೈತೋ ಅದನ್ನ ಅದರ ಸಲುವಾಗೇ ಬಿಟ್ಟಿ ನೀನು."

ಅವಳ ಹೊಟ್ಟೆಯ ಕಡೆ ನೋಡಿದೆ. ಅಲ್ಲೊಂದು ಪುಟ್ಟ ಕೆರೆ, ಹದವಾದ ಉಪ್ಪಿನದು. ಬೆರಳು ಅದ್ದಿ ನೋಡಿದವರು ಯಾರೂ ಇಲ್ಲ, ಆದರೂ ಹದ ತಪ್ಪಿಲ್ಲ. ಚಮಚ ಬಾಯಿ ಹತ್ತಿರ ಬಂತು. ಬಾಯಿ ತೆರೆದೆ. ಅಷ್ಟು ದಿನದ ಮೇಲೆ ಉಪ್ಪು ನಾಲಿಗೆಗೆ ತಾಗಿದ್ದೇ ತಡ, ಕಣ್ಣಲ್ಲಿ ನೀರು ಬಂತು. ಅದೂ ತುಟಿಗಿಳಿದು ಉಪ್ಪುಪ್ಪು.

ತಿಂಗಳೊಪ್ಪತ್ತಿಗೆ ಹರಿಹರದಲ್ಲಿ ಹೆರಿಗೆಯಾಯಿತು, ಹೆಣ್ಣು ಮಗು. ಅಷ್ಟರಲ್ಲಿ ನಾನು ಭಟ್ಟಿಗೆ ಮರಳಿದ್ದೆ. ಈಗ ಕುಡಿಯುವ ಮಜ್ಜಿಗೆಗೆ ಉಪ್ಪು ಹಾಕಿಯೇ ಒಯ್ಯುತ್ತೇನೆ. ಮೊಮ್ಮಗಳನ್ನು ನೋಡಿ ಬಂದ ಮರುದಿನ ಹೆಂಡತಿ ಬಚ್ಚಲಿನಿಂದ ಕರೆದಳು. ಹೋಗಿ ನೋಡಿದರೆ ಬನಿಯನ್ ಬೆಳಕಿಗೆ ಹಿಡಿದು ನಿಂತಿದ್ದಾಳೆ. ಬೆನ್ನಿಗೆ ಅಡ್ಡಲಾಗಿ ಬಿಳಿ ಗೆರೆ.

"ಇವತ್ತೊಂದು ದಿನ ಇರ್ಲಿ ಬಿಡ್ರಿ" ಅಂದಳು, ಒಗೆಯದೆ ಅದನ್ನು ಹಗ್ಗಕ್ಕೆ ಹಾಕಿದಳು.