ಲೆಕ್ಕ ತಪ್ಪುತ್ತಿದ್ದ ಮೇಡಂ

ಚಳ್ಳಕೆರೆಯಲ್ಲಿ ಮಕ್ಕಳ ಮನಸ್ಸಿನ ತೊಂದರೆ ನೋಡುತ್ತಿದ್ದ ಆ ಮೇಡಂ ಕುರ್ಚಿಯಲ್ಲಿ ಕುಳಿತದ್ದನ್ನು ನಾನು ಕಂಡಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕೂರುವರು. ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆಗಳನ್ನು ಗೀಚಿ, ಮಗುವಿಗೆ ಬಳೆಚೂರಿನ ಕಾಯಿ ಕೊಟ್ಟು, ತಮಗೆ ಶೇಂಗಾ ಸಿಪ್ಪೆ ಇಟ್ಟುಕೊಳ್ಳುವರು. ಕವಡೆಗಳನ್ನು ಕಿವಿಯ ಹತ್ತಿರ ಕುಲುಕಿ ಎಸೆದು ಆಡಿದ ಮೇಲೆ, "ಈಗ ನಿನ್ ಪಾಳಿ ಕಣವ್ವ" ಎನ್ನುವರು.

ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ನನ್ನ ಮಗಳು ಹೊರಗಿನವರೆದುರು ಬಾಯಿ ಬಿಡುತ್ತಿರಲಿಲ್ಲ. ಅದಕ್ಕೇ ವಾರಕ್ಕೊಮ್ಮೆ ಅವಳನ್ನು ಈ ಮೇಡಂ ಹತ್ತಿರ ಕರೆದೊಯ್ಯುತ್ತಿದ್ದೆ. ಯಾರು ಏನು ಕೇಳಿದರೂ ಅವಳ ಪರವಾಗಿ ನಾನೇ ಉತ್ತರ ಕೊಡುತ್ತಿದ್ದೆ.

ಈ ಮೇಡಂಗೆ ಎಣಿಸಲೂ ಬರುವುದಿಲ್ಲವೆಂದು ನನಗೆ ಸಿಟ್ಟು. ಮೂರು ಬಿದ್ದರೆ ನಾಲ್ಕು ಮನೆ ನಡೆಸುತ್ತಿದ್ದರು. ಒಮ್ಮೆ ತಡೆಯಲಾರದೆ, "ಮೇಡಂ, ಮೂರು ಬಿದ್ದೈತ್ರಿ" ಅಂದೆ.

"ಅಕ್ಕಾ, ನೀವು ಸುಮ್ಕಿರ್ರಿ. ನಿಮ್ ಪಾಳಿ ಅಲ್ಲ ಇದು" ಎಂದು ನಕ್ಕರು.

ಐದನೆಯ ವಾರ ಅವರ ಸಿಪ್ಪೆ ಒಂದು ಮನೆ ಹೆಚ್ಚಿಗೆ ನಡೆದು ಮಗಳ ಕಾಯಿಯನ್ನು ಹೊಡೆಯಿತು. ಅವಳು ಅವರ ಕೈಯನ್ನೇ ಹಿಡಿದುಕೊಂಡಳು. "ಮೋಸ ಮೇಡಂ! ಎರಡೇ ಬಿದ್ದಿರೋದು!"

"ತಪ್ಪಾತು ಕಣವ್ವ" ಎಂದು ಮೇಡಂ ಸಿಪ್ಪೆಯನ್ನು ಹಿಂದಕ್ಕಿಟ್ಟರು. ಆಶ್ಚರ್ಯಪಡಲಿಲ್ಲ, ಹೊಗಳಲಿಲ್ಲ, ನನ್ನತ್ತ ನೋಡಲೂ ಇಲ್ಲ. ಕವಡೆಗಳನ್ನು ಅವಳ ಅಂಗೈಗೆ ಹಾಕಿದರು, ಅಷ್ಟೆ.

ಅಂದು ಊರಿಗೆ ಮರಳುವ ಬಸ್ಸಿನಲ್ಲಿ ಕಂಡಕ್ಟರ್ ಮಗಳ ಕಡೆ ಬಗ್ಗಿ, "ಯಾವೂರಿಗೆ ಪುಟ್ಟಿ?" ಎಂದ. ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ತುಟಿ ಬಿಗಿಹಿಡಿದು ಕಿಟಕಿಯಾಚೆ ನೋಡುತ್ತ ಕುಳಿತೆ. ಪಾಳಿ ನನ್ನದಲ್ಲ.

ಕಂಡಕ್ಟರ್ ಇನ್ನೊಮ್ಮೆ ಕೇಳಿದ.

"ಕೊಂಡ್ಲಹಳ್ಳಿ" ಅಂದಳು ಮಗಳು. "ಎರಡು."