ಮುಂದಿನ ಎರಡಕ್ಕೆ ಸಾಕು

ಚಳಿಗಾಲವಿಡೀ ಹಿಮ ಬೀಳುವ ನಮ್ಮ ಡುಲೂತ್ ಊರಿನ ಬೀದಿಗಳು ಗುಡ್ಡದಿಂದ ನೇರ ಸರೋವರಕ್ಕೆ ಇಳಿಯುತ್ತವೆ. ಆ ಇಳಿಜಾರಿನಲ್ಲಿ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು ಆರ್ವಿಡ್ ಸುಂಡೀನ್. ಪಾಠ ನಿಲ್ಲಿಸಿದ ಮೇಲೂ ಎಲ್ಲರಿಗೂ ಅವರು ಮೇಷ್ಟ್ರೇ. ಟೈರಿನ ವಿಷಯ ಬಂದರೆ ಅವರದು ಒಂದೇ ಮಾತು: ಕಾರನ್ನು ಎಳೆಯುವುದು ಮುಂದಿನ ಚಕ್ರಗಳು, ಚಳಿಯಲ್ಲೂ ಮೆತ್ತಗಿದ್ದು ನೆಲ ಹಿಡಿಯುವ ಹಿಮದ ಟೈರನ್ನು ಅವೆರಡಕ್ಕೆ ಹಾಕಿದರೆ ಸಾಕು, ನಾಲ್ಕಕ್ಕೂ ಹಾಕಿಸುವುದು ಅಂಗಡಿಯವರ ದುರಾಸೆ.

ಮಾರ್ಲಿಸ್ ಕಂಗಾಸ್ ಅವರ ಕೊನೆಯ ಶಿಷ್ಯರಲ್ಲೊಬ್ಬಳು, ವೃದ್ಧಾಶ್ರಮದ ಅಡುಗೆಯವಳು. ಮೊದಲ ಕಾರು ಕೊಂಡಾಗ ಅಂಗಡಿಯವರು ನಾಲ್ಕೂ ಬದಲಾಯಿಸಬೇಕೆಂದರೂ ಕೇಳದೆ, ಮೇಷ್ಟ್ರಿಗೆ ಫೋನು ಮಾಡಿ, ಅವರು ಹೇಳಿದಂತೆ ಎರಡನ್ನೇ ಹಾಕಿಸಿದಳು.

ಡಿಸೆಂಬರಿನ ಒಂದು ಬೆಳಿಗ್ಗೆ ಇಳಿಜಾರಿನ ತಿರುವಿನಲ್ಲಿ ಬ್ರೇಕು ಒತ್ತಿದಳು. ಮುಂದಿನ ಟೈರುಗಳು ಹಿಮವನ್ನು ಕಚ್ಚಿ ಹಿಡಿದವು. ಚಳಿಗೆ ಸೆಟೆದು ಗಟ್ಟಿಯಾಗಿದ್ದ ಹಿಂದಿನ ಮಾಮೂಲಿ ಟೈರುಗಳು ಹಿಡಿಯಲಿಲ್ಲ. ಕಾರಿನ ಹಿಂಭಾಗ ಬೀಸಿಕೊಂಡು ಹೋಗಿ ದೀಪದ ಕಂಬಕ್ಕೆ ಬಡಿಯಿತು. ಮಾರ್ಲಿಸಳ ಮೊಣಕೈ ಮುರಿಯಿತು.

ಸುದ್ದಿ ಕೇಳಿದೊಡನೆ ಮೇಷ್ಟ್ರಿಗೆ ಎಲ್ಲ ಅರ್ಥವಾಯಿತು. ತಪ್ಪೊಪ್ಪಿಕೊಳ್ಳಬೇಕೆಂದೇ ಅವಳ ಮನೆಗೆ ಹೋದರು. ಆದರೆ ಅವರು ಬಾಯಿ ತೆರೆಯುವ ಮೊದಲೇ ಅವಳು ಕ್ಷಮೆ ಕೇಳಿದಳು.

"ನೀವು ಸರಿಯಾಗೇ ಕಲಿಸಿದ್ರಿ ಮೇಷ್ಟ್ರೇ. ನಂಗೇ ಬ್ರೇಕ್ ಹಾಕೋಕ್ ಬರ್ಲಿಲ್ಲ. ನಿಮ್ ಹೆಸ್ರು ಕೆಡಿಸ್ಬಿಟ್ಟೆ."

ಅವಳು ಒಂದೇ ಕೈಯಲ್ಲಿ ಕಾಫಿ ಬಗ್ಗಿಸಿ, ಏಲಕ್ಕಿ ಬ್ರೆಡ್ಡು ಮುಂದಿಟ್ಟಳು. ಮೇಷ್ಟ್ರು ಅದನ್ನು ತಿಂದು, ಬೇಗ ಗುಣವಾಗಲಿ ಎಂದಷ್ಟೇ ಹೇಳಿ ಎದ್ದುಬಂದರು.

ಮರುದಿನ ತಮ್ಮ ಕಾರಿಗೆ ನಾಲ್ಕೂ ಹಿಮದ ಟೈರು ಹಾಕಿಸಿದರು, ಅದೂ ಗುರುತಿನವರಿಲ್ಲದ ಪಕ್ಕದ ಊರಿಗೆ ಹೋಗಿ. ಕಳ್ಳನಂತೆ ವಾಪಸು ಬರುವಾಗ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಆದರೂ ಯಾರಿಗೂ ಹೇಳಲಿಲ್ಲ.

ಫೆಬ್ರವರಿಯಲ್ಲಿ ಬಸ್ ನಿಲ್ದಾಣದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದ ಮಾರ್ಲಿಸ್ ಕಂಡಳು. ಕಾರು ನಿಲ್ಲಿಸಿ ಇಳಿದರು. ಕೈ ಕೂಡಿದೆ, ಕಾರೂ ರಿಪೇರಿಯಾಗಿದೆ, ಆದರೆ ಮಾರಿಬಿಡುತ್ತೇನೆ ಎಂದಳು.

"ನನ್ನಂಥೋರು ಓಡಿಸ್ಬಾರ್ದು ಮೇಷ್ಟ್ರೇ."

"ತಪ್ಪು ನಿಂದಲ್ಲಮ್ಮ, ನಂದು," ಎಂದರು ಅವರು. "ಎರಡೇ ಸಾಕು ಅಂದೆನಲ್ಲ, ಅದಕ್ಕೇ ಹಿಂದ್ಗಡೆ ಜಾರಿದ್ದು. ನಿಮ್ಮನೆಗೆ ಬಂದಾಗ್ಲೇ ಗೊತ್ತಿತ್ತು ನಂಗೆ."

ಅವಳು ಅವರ ಕಾರಿನ ಹಿಂದಿನ ಚಕ್ರ ನೋಡಿದಳು, ಅದಕ್ಕೂ ಹಿಮದ ಟೈರು.

"ಇದನ್ನ ಯಾವಾಗ ಹಾಕ್ಸಿದ್ರಿ?"

"ಮಾರನೇ ದಿನ."

"ನೀವು ಟೈರ್ ಹಾಕ್ಸ್ಕೊಂಡು ಬಚಾವಾದ್ರಿ," ಎಂದಳು ಮೆಲ್ಲಗೆ. "ನಾನಿಲ್ಲಿ ದಿನಾ ನನ್ನನ್ನೇ ಬೈಕೊಂಡು ನಿಂತಿದ್ದೆ."

ಬಸ್ಸು ಬಂತು. ತಿರುಗಿ ನೋಡದೆ ಹತ್ತಿದಳು.

ಆ ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆಯ ನಂತರ ಎಲ್ಲರೂ ಕಾಫಿಗೆ ಸೇರಿದ್ದಾಗ ಸುಂಡೀನ್ ಎದ್ದುನಿಂತು ಎಲ್ಲವನ್ನೂ ಹೇಳಿದರು. ನನ್ನ ಮಾತು ಕೇಳಿ ಎರಡೇ ಹಾಕಿಸಿದವರು ನಾಳೆಯೇ ಬದಲಾಯಿಸಿ ಎಂದರು. ಈ ವಯಸ್ಸಲ್ಲಿ ಅದೆಲ್ಲ ಯಾಕೆ ಬಿಡಿ ಎಂದು ಯಾರೋ ಸಮಾಧಾನ ಹೇಳಿದಾಗ ಅವರ ಕಿವಿ ಇನ್ನಷ್ಟು ಕೆಂಪಾಯಿತು.

ಮಾರ್ಲಿಸ್ ಕಾರು ಮಾರಲಿಲ್ಲ. ಹಿಂದಿನ ಎರಡಕ್ಕೂ ಹಿಮದ ಟೈರು ಹಾಕಿಸಿ, ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಇಳಿಜಾರಿಗೆ ಬಂದಳು. ಮೇಷ್ಟ್ರು ಎದುರಾದರೆ ತಲೆಯಾಡಿಸುತ್ತಾಳೆ. ನಿಂತು ಮಾತಾಡುವುದಿಲ್ಲ, ಅವರೂ ನಿಲ್ಲಿಸುವುದಿಲ್ಲ.